ಲಾಯ್ಕುಂಟು ಅಂದವರು ಯಾಕೆ ಬಳಸುವುದಿಲ್ಲ

ಕರಾವಳಿಯಲ್ಲಿ ಹೊಸದಾಗಿ ಮಾಡಿದ ಆ್ಯಪ್ಪನ್ನೋ ಯಂತ್ರವನ್ನೋ ಯಾರ ಮುಂದೆ ಹಿಡಿದು "ಹೇಗುಂಟು?" ಎಂದು ಕೇಳಿದರೂ ಸಿಗುವ ಉತ್ತರ ಬಹುಮಟ್ಟಿಗೆ ಒಂದೇ: "ಲಾಯ್ಕುಂಟು," ಅಂದರೆ ಚೆನ್ನಾಗಿದೆ. ಬಂದವರ ಮುಖ ಸಣ್ಣ ಮಾಡಬಾರದು ಎಂಬ ಮರ್ಯಾದೆ ಅದರಲ್ಲಿದೆ. ಮಾತು ಬೇಗ ಮುಗಿಸಿ ಕೆಲಸಕ್ಕೆ ಹೋಗುವ ಆತುರವೂ ಇದೆ. ಉತ್ಪನ್ನದ ಬಗ್ಗೆ ಮಾತ್ರ ಏನೂ ಇಲ್ಲ. ಮಂಗಳೂರು, ಉಡುಪಿ ಕಡೆಯ ಸಣ್ಣ ಸಾಫ್ಟ್‌ವೇರ್ ತಂಡಗಳು, ಸಹಕಾರಿ ಸಂಘಗಳು, ಕೃಷಿ ಉಪಕರಣ ಮಾಡುವವರು ಈ ಉತ್ತರವನ್ನು ನಂಬಿ ಹಣ ಹಾಕುತ್ತಾರೆ. ಆರು ತಿಂಗಳ ನಂತರ ನೋಡಿದರೆ ಲಾಯ್ಕುಂಟು ಅಂದವರ ಫೋನಿನಲ್ಲಿ ಆ್ಯಪ್ ಇರುವುದಿಲ್ಲ, ಇದ್ದರೂ ತೆರೆದಿರುವುದಿಲ್ಲ.

ಬಳಕೆದಾರರ ಸಂಶೋಧನೆ ಅಂದರೆ ಅಭಿಪ್ರಾಯ ಸಂಗ್ರಹ ಎಂದುಕೊಂಡಿರುವುದೇ ಇದಕ್ಕೆ ಕಾರಣ. ಜನ ಈಗ ಆ ಕೆಲಸವನ್ನು ಹೇಗೆ ಮಾಡುತ್ತಿದ್ದಾರೆ, ಎಲ್ಲಿ ಕೈ ತಡೆಯುತ್ತದೆ, ಯಾವ ಉಪಾಯ ಹೂಡಿ ದಾಟುತ್ತಾರೆ ಎಂಬುದನ್ನು ನಾವು ನಿರ್ಧಾರ ಮಾಡುವ ಮೊದಲೇ ತಿಳಿಯುವುದು ಅದರ ಕೆಲಸ. 1985ರಲ್ಲಿ ಸಂಶೋಧಕರಾದ ಜಾನ್ ಗೌಲ್ಡ್ ಮತ್ತು ಕ್ಲೇಟನ್ ಲೂಯಿಸ್ ಮೂರು ತತ್ವಗಳನ್ನು ಬರೆದಿಟ್ಟರು: ಮೊದಲಿನಿಂದಲೇ ಬಳಸುವವರ ಮೇಲೆ ಗಮನ, ಬಳಕೆಯನ್ನು ಅಳೆದು ನೋಡುವುದು, ತಿದ್ದಿ ಮತ್ತೆ ಪರೀಕ್ಷಿಸುವುದು. ನಲವತ್ತು ವರ್ಷ ಕಳೆದರೂ ಹೆಚ್ಚಿನ ತಂಡಗಳು ಮೂರನೆಯದನ್ನು ಮಾತ್ರ ಮಾಡುತ್ತವೆ, ಅದೂ ಉತ್ಪನ್ನ ಮಾರುಕಟ್ಟೆಗೆ ಬಂದ ಮೇಲೆ.

ಮಾತು ಗಾಳಿಯಲ್ಲಿ ತೇಲದಿರಲು ಒಂದು ಕಲ್ಪಿತ ಉತ್ಪನ್ನ ಇಟ್ಟುಕೊಳ್ಳೋಣ. ಮಲ್ಪೆಯಲ್ಲೋ ಮಂಗಳೂರಿನ ಮೀನು ಬಂದರಾದ ದಕ್ಕೆಯಲ್ಲೋ ನಸುಕಿಗೆ ಏಲಂ ಕೂಗಿ ಮೀನು ಕೊಂಡು, ಊರೊಳಗೆ ತಂದು ಮಾರುವ ಮಹಿಳೆಯರಿಗೆ ಬಾಕಿ ಲೆಕ್ಕ ಇಡುವ ಆ್ಯಪ್. ಯಾರ ಮನೆಯಿಂದ ಎಷ್ಟು ಬರಬೇಕು, ಏಲಂನವರಿಗೆ ಎಷ್ಟು ಕೊಡಬೇಕು, ಅಷ್ಟೇ. ಕೇಳಲು ಸುಲಭ. ಪರದೆಯ ಚಿತ್ರ ಅರ್ಧ ದಿನದಲ್ಲಿ ಬಿಡಿಸಬಹುದು. ಅಪಾಯ ಇರುವುದು ಅಲ್ಲೇ.

ಹೊರಡುವ ಮೊದಲಿನ ಹಾಳೆ

ಒಂದು ಹಾಳೆಯಲ್ಲಿ ಮೂರು ಕಾಲಂ ಎಳೆಯಬೇಕು. ಮೊದಲನೆಯದರಲ್ಲಿ ನಾವು ತೆಗೆದುಕೊಳ್ಳಬೇಕಾದ ನಿರ್ಧಾರ, ಎರಡನೆಯದರಲ್ಲಿ ಈಗ ನಾವು ನಂಬಿರುವುದು, ಮೂರನೆಯದರಲ್ಲಿ ಏನನ್ನು ಕಂಡರೆ ಆ ನಂಬಿಕೆ ಬಿಡುತ್ತೇವೆ ಎಂಬುದು. ಉದಾಹರಣೆಗೆ, "ಮಾರುವಾಗಲೇ ಲೆಕ್ಕ ಬರೆಯುತ್ತಾರೆ" ಎಂಬುದು ನಂಬಿಕೆ. ಮಾರುವಾಗ ಯಾರೂ ಬರೆಯದೆ, ಸಂಜೆ ಮನೆಯಲ್ಲಿ ನೆನಪಿನಿಂದ ಹೇಳಿ ಮಗಳ ಕೈಯಲ್ಲಿ ಬರೆಸುವುದು ಕಂಡರೆ ನಂಬಿಕೆ ಬಿದ್ದುಹೋಗುತ್ತದೆ. ಆಗ ಆ್ಯಪ್ ಬಳಸುವವರು ತಾಯಿಯಲ್ಲ, ಹೈಸ್ಕೂಲಿಗೆ ಹೋಗುವ ಮಗಳು. ಬಳಸುವ ಹೊತ್ತು ಸಂಜೆ. ಕೈ ಒಣಗಿರುತ್ತದೆ, ವೈಫೈಯೂ ಇರಬಹುದು. ಪರದೆಯ ವಿನ್ಯಾಸ ತಲೆಕೆಳಗಾಗುತ್ತದೆ.

ಮೂರನೆಯ ಕಾಲಂ ತುಂಬಿಸಲು ಆಗದಿದ್ದರೆ ಹೋಗುವ ಅಗತ್ಯವಿಲ್ಲ. ಏನು ಕಂಡರೂ ನಾವು ಮಾಡುವುದನ್ನೇ ಮಾಡುತ್ತೇವೆ ಎಂದಾದರೆ ಅದು ಸಂಶೋಧನೆಯಲ್ಲ, ಮೆರವಣಿಗೆ. ಗುಂಡಿಯ ಬಣ್ಣದಂಥ, ತಪ್ಪಾದರೆ ನಾಳೆಯೇ ಬದಲಿಸಬಹುದಾದ ವಿಷಯಗಳಿಗೂ ಇಷ್ಟು ಖರ್ಚು ಬೇಡ.

ಯಾರನ್ನು, ಎಷ್ಟು ಮಂದಿಯನ್ನು, ಯಾವಾಗ

ಮಣಿಪಾಲದಲ್ಲಿ ಕುಳಿತ ತಂಡಕ್ಕೆ ಕೈಗೆ ಸುಲಭವಾಗಿ ಸಿಗುವವರು ವಿದ್ಯಾರ್ಥಿಗಳು. ದೇಶದ ಎಲ್ಲ ಕಡೆಯಿಂದ ಬಂದವರು, ಹೊಸ ಫೋನ್ ಇರುವವರು, ಒಂದು ಕಾಫಿಗೆ ಅರ್ಧ ಗಂಟೆ ಕೊಡುವವರು. ಅವರ ಮೇಲೆ ನಡೆಸಿದ ಪರೀಕ್ಷೆಯಿಂದ ಉಡುಪಿಯ ಬಗ್ಗೆ ಏನೂ ತಿಳಿಯುವುದಿಲ್ಲ. ಮಂಗಳೂರಿನ ಮಾಲ್‌ಗಳಲ್ಲಿ ಕೇಳಿದ್ದಕ್ಕೂ ಇದೇ ಮಾತು. ಸಂಘದ ಅಧ್ಯಕ್ಷರ ಮೂಲಕ ಹೋದರೆ ಸಿಗುವುದು ಅವರಿಗೆ ಬೇಕಾದವರು, ಮಾತಿನಲ್ಲಿ ಚುರುಕಾದವರು. ಅಧ್ಯಕ್ಷರಿಂದ ಪರಿಚಯ ಮಾತ್ರ ಮಾಡಿಸಿಕೊಂಡು, ಮಾತಾಡಿದ ಪ್ರತಿಯೊಬ್ಬರಿಂದ "ನಿಮ್ಮ ಹಾಗೆ ಮಾರದೆ ಬೇರೆ ರೀತಿ ಮಾರುವವರು ಯಾರುಂಟು?" ಎಂದು ಮುಂದಿನ ಹೆಸರು ಕೇಳುತ್ತ ಹೋಗುವುದು ವಾಸಿ. "ನಿಮ್ಮ ಹಾಗೆ" ಎಂದು ಕೇಳಿದರೆ ಅದೇ ಕೂಟದೊಳಗೆ ಸುತ್ತುತ್ತೇವೆ.

ಆಯ್ಕೆಗೆ ಕೇಳುವ ಪ್ರಶ್ನೆಯಲ್ಲಿ ನಮಗೆ ಬೇಕಾದ ಉತ್ತರ ಕಾಣಬಾರದು. "ನೀವು ಲೆಕ್ಕ ಬರೆದಿಡ್ತೀರಾ?" ಎಂದರೆ ಎಲ್ಲರೂ ಹೌದು ಅನ್ನುತ್ತಾರೆ. "ಕಳೆದ ವಾರದ ಬಾಕಿ ಎಷ್ಟಂತ ಹೇಗೆ ಗೊತ್ತಾಯ್ತು?" ಎಂದು ಕೇಳಿದರೆ ಬರೆಯುವವರು ಯಾರು, ನೆನಪಿಡುವವರು ಯಾರು ಎಂಬುದು ತಾನಾಗಿ ಬೇರೆಯಾಗುತ್ತದೆ.

ಎಷ್ಟು ಮಂದಿ ಎಂಬ ಪ್ರಶ್ನೆಗೆ "ಐದು ಸಾಕು" ಎಂಬ ಉತ್ತರ ಎಲ್ಲ ಕಡೆ ಓಡಾಡುತ್ತಿದೆ. ಅದರ ಮೂಲ 1993ರಲ್ಲಿ ಜೇಕಬ್ ನೀಲ್ಸನ್ ಮತ್ತು ಥಾಮಸ್ ಲ್ಯಾಂಡವರ್ ಪ್ರಕಟಿಸಿದ ಲೆಕ್ಕ. ಅವರು ನೋಡಿದ ಯೋಜನೆಗಳಲ್ಲಿ ಒಂದು ತೊಡಕು ಒಬ್ಬ ಬಳಕೆದಾರರ ಕಣ್ಣಿಗೆ ಬೀಳುವ ಸರಾಸರಿ ಸಾಧ್ಯತೆ ಶೇ 31. ಹಾಗಾದರೆ ಐವರಲ್ಲಿ ಯಾರಿಗೂ ಬೀಳದಿರುವ ಸಾಧ್ಯತೆ 0.69ನ್ನು ಐದು ಸಲ ಗುಣಿಸಿದಷ್ಟು, ಸುಮಾರು 0.16. ಉಳಿದ ಶೇ 84 ಕಂಡುಬರುತ್ತದೆ. ಲೆಕ್ಕ ಸರಿ, ಆದರೆ ಶೇ 31 ಎಂಬುದು ದೇವರು ಕೊಟ್ಟ ಸಂಖ್ಯೆಯಲ್ಲ. ಹತ್ತರಲ್ಲಿ ಒಬ್ಬರಿಗೆ ಮಾತ್ರ ಎದುರಾಗುವ ತೊಡಕು ಐವರ ಪರೀಕ್ಷೆಯಲ್ಲಿ ಕಾಣುವ ಸಾಧ್ಯತೆ ಶೇ 41 ಅಷ್ಟೇ. ಅದನ್ನು ಶೇ 85ಕ್ಕೆ ಏರಿಸಲು 18 ಮಂದಿ ಬೇಕು. ದೃಷ್ಟಿ ಮಂಜಾದವರು, ಕನ್ನಡ ಓದಲು ಬಾರದವರು, ಹಳೆ ಫೋನಿನವರು ಹೀಗೆ ಹತ್ತರಲ್ಲಿ ಒಬ್ಬರಾಗಿಯೇ ಇರುತ್ತಾರೆ. ಐದು ಎಂಬುದು ಪ್ರತಿ ಗುಂಪಿಗೆ ಐದು. ಬುಟ್ಟಿ ಹೊತ್ತು ಮನೆಮನೆಗೆ ಹೋಗುವವರು, ಮಾರುಕಟ್ಟೆಯಲ್ಲಿ ಕೂತು ಮಾರುವವರು, ಏಲಂ ನಡೆಸುವವರು ಮೂರು ಬೇರೆ ಗುಂಪುಗಳು.

ಇನ್ನೊಂದು ಗೊಂದಲ: ಇದು ತೊಡಕು ಹುಡುಕುವ ಲೆಕ್ಕ, ಎಣಿಸುವ ಲೆಕ್ಕವಲ್ಲ. ಐವರಲ್ಲಿ ಮೂವರು ಹೀಗೆ ಮಾಡಿದರು ಎಂಬುದನ್ನು "ಶೇ 60 ಮಂದಿ" ಎಂದು ವರದಿಯಲ್ಲಿ ಬರೆದರೆ ಅದು ಸುಳ್ಳಿಗೆ ಹತ್ತಿರ. ಶೇಕಡಾವಾರು ಬೇಕೆಂದರೆ ಚೀಟಿ ಎತ್ತಿದ ಹಾಗೆ ಆರಿಸಿದ 100 ಮಂದಿಯಲ್ಲಿ ಆಚೆ ಈಚೆ ಶೇ 10ರಷ್ಟು ತಪ್ಪು ಇದ್ದೇ ಇರುತ್ತದೆ. 400 ಮಂದಿಗೆ ಹೋದರೆ ಶೇ 5ಕ್ಕೆ ಇಳಿಯುತ್ತದೆ.

ಕರಾವಳಿಯಲ್ಲಿ ಕಾಲದ ಲೆಕ್ಕವೂ ಹಾಕಬೇಕು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಆ ಎರಡು ತಿಂಗಳು ಜನರಿಗೆ ಪುರುಸೊತ್ತು ಇರುತ್ತದೆ, ಕೂತು ಮಾತಾಡುತ್ತಾರೆ, ಚಹಾ ಕೊಡುತ್ತಾರೆ. ಆದರೆ ಹೇಳುವುದೆಲ್ಲ ನೆನಪು. ಬೂತಾಯಿ, ಬಂಗುಡೆ ರಾಶಿ ಬೀಳುವ ದಿನದ ಗಡಿಬಿಡಿ ಅದರಲ್ಲಿ ಇರುವುದಿಲ್ಲ. ಮಾತುಕತೆಗೆ ಮಳೆಗಾಲ, ನೋಡುವುದಕ್ಕೆ ಋತು ಸುರುವಾದ ಮೇಲೆ ಎಂದು ಎರಡು ಭಾಗ ಮಾಡಿಕೊಳ್ಳಬೇಕು. ಅಡಿಕೆ ತೋಟದ ಕೆಲಸವಾದರೆ ಮದ್ದು ಬಿಡುವ ಸಮಯ ಬೇರೆ, ಕೊಯ್ಲಿನ ಸಮಯ ಬೇರೆ. ಜಾತ್ರೆ, ಕೋಲ, ಮದುವೆಗಳ ತಿಂಗಳಲ್ಲಿ ಸಮಯ ಗೊತ್ತುಮಾಡಿದ ಮೂವರಲ್ಲಿ ಒಬ್ಬರು ಸಿಗಲಿಕ್ಕಿಲ್ಲ ಎಂದೇ ಹೆಚ್ಚು ಹೆಸರು ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ನಿನ್ನೆಯ ಬಗ್ಗೆ ಕೇಳಿ

ಸಂದರ್ಶನ 45 ನಿಮಿಷ ಮೀರಬಾರದು. ಮುಖ್ಯ ಪ್ರಶ್ನೆ ಆರೋ ಏಳೋ ಸಾಕು. ಒಬ್ಬರು ಮಾತಾಡಬೇಕು, ಇನ್ನೊಬ್ಬರು ಬರೆಯಬೇಕು. ಮೂರನೆಯವರು ಬಂದರೆ ತನಿಖೆಯ ಹಾಗೆ ಕಾಣುತ್ತದೆ.

"ಸಾಮಾನ್ಯವಾಗಿ ಏನು ಮಾಡುತ್ತೀರಿ?" ಎಂಬ ಪ್ರಶ್ನೆಗೆ ಜನ ತಾವು ಮಾಡಬೇಕಾದ್ದನ್ನು ಹೇಳುತ್ತಾರೆ. ಹಾಗಾಗಿ ಒಂದೇ ದಿನವನ್ನು ಹಿಡಿದುಕೊಳ್ಳಬೇಕು. "ಅಕ್ಕ, ನಿನ್ನೆ ದಕ್ಕೆಯಿಂದ ಎಷ್ಟು ಗಂಟೆಗೆ ಹೊರಟದ್ದು?" "ನಿನ್ನೆ ನಾಳೆ ಕೊಡ್ತೇನೆ ಅಂದವರು ಯಾರಾದ್ರೂ ಉಂಟಾ?" "ಅದು ನೆನಪಿಟ್ಟದ್ದು ಹೇಗೆ?" "ಬರೆದದ್ದು ಉಂಟಾ, ಒಮ್ಮೆ ತೋರಿಸ್ತೀರಾ?" "ಲೆಕ್ಕ ತಪ್ಪಿದ್ದು ಕಳೆದ ಸಲ ಯಾವಾಗ? ಆಗ ಎಂತ ಮಾಡಿದ್ರಿ?" ಕೊನೆಯ ಪ್ರಶ್ನೆ ಎಲ್ಲಕ್ಕಿಂತ ಹೆಚ್ಚು ಕೊಡುತ್ತದೆ. ಲೆಕ್ಕ ತಪ್ಪಿದಾಗ ನಷ್ಟ ಯಾರಿಗಾಯಿತು, ಜಗಳವಾಯಿತೋ ಬಿಟ್ಟುಕೊಟ್ಟರೋ ಎಂಬುದರಲ್ಲಿ ಈ ಸಮಸ್ಯೆಗೆ ಜನ ಹಣ ಕೊಡುವಷ್ಟು ನೋವಿದೆಯೋ ಇಲ್ಲವೋ ತಿಳಿಯುತ್ತದೆ. ಒಂದು ವರ್ಷದಿಂದ ತಪ್ಪೇ ಇಲ್ಲವಾದರೆ ಆ್ಯಪ್ ಮಾಡುವ ಯೋಚನೆಯನ್ನು ಅಲ್ಲಿಗೇ ಬಿಡುವುದು ಲಾಭ.

ಉತ್ತರ ಬಂದ ಮೇಲೆ ಮನಸ್ಸಿನಲ್ಲಿ ಐದು ಎಣಿಸುವಷ್ಟು ಸುಮ್ಮನಿರಬೇಕು. ನಿಜವಾದ ವಿವರ ಆ ಮೌನ ತುಂಬಿಸಲು ಬರುತ್ತದೆ. ಹೊಸಬರಿಗೆ ಇದೇ ಅತಿ ಕಷ್ಟದ ಕೆಲಸ. "ಇಂಥ ಆ್ಯಪ್ ಇದ್ದರೆ ಬಳಸ್ತೀರಾ?", "ಎಷ್ಟು ಕೊಡ್ತೀರಿ?" ಎಂದು ಕೇಳಲೇಬಾರದು. ಬದಲಿಗೆ ಏನಾದರೂ ಕಳೆದುಕೊಳ್ಳಬೇಕಾದ ಬೇಡಿಕೆ ಇಟ್ಟು ನೋಡಬಹುದು: "ನಾಳೆ ಸಂಜೆ ಬಂದು ನಿಮ್ಮ ಪುಸ್ತಕದ ಲೆಕ್ಕ ಎಲ್ಲ ಇದಕ್ಕೆ ಹಾಕಿ ಕೊಡ್ಲಾ?" ಸಮಯ ಹೇಳಿದರೆ ಆಸಕ್ತಿ ಇದೆ. "ನೋಡುವ, ಇನ್ನೊಮ್ಮೆ ಬನ್ನಿ" ಎಂದರೆ ಅದು ಲಾಯ್ಕುಂಟಿನ ತಮ್ಮ.

ಭಾಷೆಯ ವಿಷಯದಲ್ಲಿ ಬೆಂಗಳೂರಿನಿಂದ ಬರುವ ತಂಡಗಳು ಬಹಳ ಕಳೆದುಕೊಳ್ಳುತ್ತವೆ. ದಕ್ಕೆಯ ವ್ಯವಹಾರ ತುಳುವಿನಲ್ಲಿ ನಡೆಯುತ್ತದೆ, ಬ್ಯಾರಿ, ಕೊಂಕಣಿ ಕೂಡ ಕಿವಿಗೆ ಬೀಳುತ್ತವೆ. ಕುಂದಾಪುರದ ಕಡೆಗೆ ಹೋದರೆ ಕನ್ನಡವೇ ಬೇರೆ ತರಹ. ಗ್ರಂಥದ ಕನ್ನಡದಲ್ಲಿ ಕೇಳಿದರೆ ಶಾಲೆಯಲ್ಲಿ ಮೇಷ್ಟ್ರಿಗೆ ಕೊಡುವ ಉತ್ತರ ಬರುತ್ತದೆ, ಚಿಕ್ಕದಾಗಿ, ಸರಿಯಾಗಿ. ದುಭಾಷಿ ಇಟ್ಟುಕೊಳ್ಳುವುದಕ್ಕಿಂತ ಆ ಭಾಷೆ ಮನೆಮಾತಾಗಿರುವ ಒಬ್ಬರಿಗೆ ಎರಡು ದಿನ ಪ್ರಶ್ನೆ ಕೇಳುವ ತರಬೇತಿ ಕೊಡುವುದು ಮೇಲು. ಟಿಪ್ಪಣಿಯನ್ನು ಆಡಿದ ಮಾತಿನಲ್ಲೇ, ಕನ್ನಡ ಲಿಪಿಯಲ್ಲಿ ಬರೆದುಕೊಳ್ಳಬೇಕು. ಅಲ್ಲೇ ಇಂಗ್ಲಿಷಿಗೆ ತಿರುಗಿಸಿ ಬರೆದರೆ ಎಲ್ಲರೂ ಒಂದೇ ರೀತಿ ಮಾತಾಡಿದ ಹಾಗಾಗುತ್ತದೆ.

ಪಕ್ಕದಲ್ಲಿ ಯಾರಿದ್ದಾರೆ ನೋಡಿ. ಗಂಡ, ಮಗ, ಏಲಂನವರು ಇದ್ದರೆ ಉತ್ತರ ಅವರಿಗಾಗಿ ಬರುತ್ತದೆ, ಎಷ್ಟೋ ಸಲ ಅವರೇ ಕೊಡುತ್ತಾರೆ. ಮಗನಿಗೆ ಬೇರೆ ಕಡೆ ಕೂತು ಬೇರೆ ಪ್ರಶ್ನೆ ಕೇಳಲು ಟಿಪ್ಪಣಿ ಬರೆಯುವವರನ್ನು ಕಳಿಸುವುದು ಹಳೆಯ ಉಪಾಯ, ಚೆನ್ನಾಗಿ ನಡೆಯುತ್ತದೆ.

ಸಮಯಕ್ಕೆ ಹಣ ಕೊಡಬೇಕು. ಎಷ್ಟೆಂದು ಮೊದಲೇ ಹೇಳಿ, ಉತ್ತರ ಹೇಗೇ ಇದ್ದರೂ ಕೊಡುವುದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಒಪ್ಪಿಗೆಗೆ ಉದ್ದೇಶ ತಿಳಿಸಬೇಕು ಎನ್ನುತ್ತದೆ, 18ರೊಳಗಿನವರಾದರೆ ಹೆತ್ತವರ ಒಪ್ಪಿಗೆ ಬೇಕು. ಸಂಜೆ ಲೆಕ್ಕ ಬರೆಯುವ ಆ ಮಗಳ ಜತೆ ಮಾತಾಡುವ ಮೊದಲು ಇದು ನೆನಪಿರಲಿ. ಬಾಕಿ ಪುಸ್ತಕದ ಫೋಟೋ ತೆಗೆದರೆ ಅದರಲ್ಲಿ ಊರವರ ಹೆಸರು, ಸಾಲ ಎರಡೂ ಬರುತ್ತವೆ, ಅವರಲ್ಲಿ ಯಾರೂ ಒಪ್ಪಿಗೆ ಕೊಟ್ಟಿಲ್ಲ. ಹೆಸರಿನ ಸಾಲನ್ನು ಕಾಗದದಿಂದ ಮುಚ್ಚಿ ತೆಗೆಯುವುದಕ್ಕೆ ಹತ್ತು ಸೆಕೆಂಡು ಸಾಕು.

ನೋಡುವುದರಲ್ಲಿ ಸಿಗುವುದು

ಹ್ಯೂ ಬೇಯರ್ ಮತ್ತು ಕ್ಯಾರನ್ ಹೋಲ್ಟ್ಸ್‌ಬ್ಲಾಟ್ ರೂಪಿಸಿದ ಪದ್ಧತಿಯಲ್ಲಿ ಸಂಶೋಧಕರು ಶಿಷ್ಯರ ಸ್ಥಾನದಲ್ಲಿ, ಕೆಲಸ ಮಾಡುವವರು ಗುರುವಿನ ಸ್ಥಾನದಲ್ಲಿ ಇರುತ್ತಾರೆ. ಕೆಲಸ ನಿಲ್ಲಿಸಿ ವಿವರಿಸುವುದಲ್ಲ, ಕೆಲಸ ಮಾಡುತ್ತಲೇ ಮಾತಾಡುವುದು. ಕೈ ಎಲ್ಲಿದೆ, ಒದ್ದೆಯಾಗಿದೆಯೇ, ಯಾವುದು ಅಡ್ಡ ಬಂತು, ವಸ್ತು ಯಾರ ಕೈಯಿಂದ ಯಾರ ಕೈಗೆ ಹೋಯಿತು, ಎಲ್ಲಿ ಉಪಾಯ ಹೂಡಿದರು ಎಂಬುದನ್ನು ಬರೆಯಬೇಕು.

ಒದ್ದೆ ಕೈಯ ಒಂದು ವಿಷಯವೇ ನೋಡಿ. ಇಂದಿನ ಫೋನಿನ ಪರದೆ ಬೆರಳಿನ ವಿದ್ಯುತ್ ಗುಣವನ್ನು ಗ್ರಹಿಸುತ್ತದೆ. ನೀರಿನ ಹನಿಯೂ ಅದಕ್ಕೆ ಬೆರಳಿನ ಹಾಗೆ ಕಾಣುವುದರಿಂದ ಒತ್ತಿದ ಕಡೆ ಬಿಟ್ಟು ಬೇರೆ ಕಡೆ ಒತ್ತಿಕೊಳ್ಳುತ್ತದೆ. ಮೀನು ಕೊಯ್ದ ಕೈಯಲ್ಲಿ, ಪ್ಲಾಸ್ಟಿಕ್ ತೊಟ್ಟೆಯೊಳಗೆ ಸುತ್ತಿಟ್ಟ ಫೋನಿನ ಮೇಲೆ, ಬಿಸಿಲಿನಲ್ಲಿ ನಿಂತು ಸಣ್ಣ ಗುಂಡಿ ಒತ್ತುವುದು ಆಗದ ಮಾತು. ಕಚೇರಿಯ ಎಸಿಯಲ್ಲಿ ಇದು ಹೊಳೆಯುವುದಿಲ್ಲ. ಯುಪಿಐ ಹಣ ಬಂದದ್ದನ್ನು ಕೂಗಿ ಹೇಳುವ ಪೆಟ್ಟಿಗೆ ಅಂಗಡಿಗಳಲ್ಲಿ ಅಷ್ಟು ಬೇಗ ನೆಲೆಯೂರಿದ್ದಕ್ಕೂ ಇದೇ ಕಾರಣ ಎಂದು ನನ್ನ ಎಣಿಕೆ: ವ್ಯಾಪಾರದ ನಡುವೆ ಕೈ, ಕಣ್ಣು ಎರಡೂ ಬಿಡುವಿಲ್ಲ, ಕಿವಿ ಮಾತ್ರ ಖಾಲಿ.

ಇಂಥ ನೋಟಕ್ಕೆ ಉಡುಪಿಯಲ್ಲೇ ಹಳೆಯ ಸಾಕ್ಷಿ ಇದೆ. 1925ರಲ್ಲಿ ಇಲ್ಲಿ ಹುಟ್ಟಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆ 1928ರಲ್ಲಿ ಪಿಗ್ಮಿ ಠೇವಣಿ ಸುರು ಮಾಡಿತು. ದಿನಕ್ಕೆ ಎರಡಾಣೆಯಾದರೂ ಸರಿ, ಏಜೆಂಟ್ ಮನೆಬಾಗಿಲಿಗೆ ಬಂದು ತೆಗೆದುಕೊಂಡು ಹೋಗುವುದು. ದುಡಿಮೆ ದಿನಲೆಕ್ಕದ್ದು, ಹಾಗಾಗಿ ಉಳಿತಾಯವೂ ದಿನಲೆಕ್ಕದ್ದು. ಬ್ಯಾಂಕಿಗೆ ಹೋದರೆ ಅರ್ಧ ದಿನದ ಕೂಲಿ ಹೋಗುತ್ತದೆ, ಹಾಗಾಗಿ ಬ್ಯಾಂಕೇ ಬರುತ್ತದೆ. "ಬ್ಯಾಂಕಿನಲ್ಲಿ ಹಣ ಇಡುತ್ತೀರಾ?" ಎಂದು ಕೇಳುತ್ತ ಹೋಗಿದ್ದರೆ ಈ ಯೋಜನೆ ಹುಟ್ಟುತ್ತಿರಲಿಲ್ಲ.

ಈಗ ಪಿಗ್ಮಿ ಸಂಗ್ರಹಕ್ಕೆ ಕೈಯಲ್ಲಿ ಹಿಡಿಯುವ ಯಂತ್ರ ಮಾಡುವವರು ಏಜೆಂಟರ ಜತೆ ಮಾತ್ರ ಕೂರುತ್ತಾರೆ. ಠೇವಣಿದಾರರ ಮನೆಯೊಳಗೆ ಹೋದರೆ ಬೇರೆಯೇ ತೊಡಕು ಕಾಣುತ್ತದೆ. ಯಂತ್ರ ಕೊಡುವ ಚೀಟಿ ಶಾಖದಿಂದ ಅಚ್ಚಾಗುವ ಕಾಗದದ್ದು. ಬಿಸಿಲು, ಸೆಕೆ, ಪ್ಲಾಸ್ಟಿಕ್ ಕವರು ತಾಗಿದರೆ ಅಕ್ಷರ ಮಾಸುತ್ತದೆ. ಜೋಪಾನ ಮಾಡಬೇಕೆಂದು ಕವರಿನೊಳಗೆ ಇಟ್ಟವರ ಚೀಟಿಯೇ ಬೇಗ ಬಿಳಿಯಾಗುತ್ತದೆ. ಹಾಗಾಗಿ ಪಾಸ್‌ಬುಕ್ಕಿನಲ್ಲಿ ಪೆನ್ನಿನಿಂದ ಬರೆಸಿಕೊಳ್ಳುವ ಅಭ್ಯಾಸವನ್ನು ಹಳೆಕಾಲದ್ದೆಂದು ಕಿತ್ತುಹಾಕುವ ಮೊದಲು ಎರಡು ಸಲ ಯೋಚಿಸಬೇಕು.

ಅಡಿಕೆಯ ದರ ತೋರಿಸುವ ಆ್ಯಪ್‌ಗಳೂ ಹೀಗೆಯೇ. "ಇಂದಿನ ಅಡಿಕೆ ದರ" ಎಂದು ಒಂದೇ ಸಂಖ್ಯೆ ಹಾಕಿದರೆ ಕರಾವಳಿಯ ಕೃಷಿಕರಿಗೆ ಅದು ಪ್ರಯೋಜನಕ್ಕಿಲ್ಲ. ಹೊಸ ಚಾಲಿ, ಹಳೆ ಚಾಲಿ, ಪಟೋರ, ಉಳ್ಳಿಗಡ್ಡೆ, ಕರಿಗೋಟು ಎಂಬ ಅಡಿಕೆಯ ಬಗೆಗಳಲ್ಲಿ ಒಂದೊಂದಕ್ಕೂ ಒಂದೊಂದು ದರ. ಇಲ್ಲಿ ಕಿಲೋ ಲೆಕ್ಕದಲ್ಲಿ ಮಾತಾಡುತ್ತಾರೆ, ಘಟ್ಟದ ಮೇಲಿನ ಮಾರುಕಟ್ಟೆಗಳಲ್ಲಿ ಕ್ವಿಂಟಲಿನಲ್ಲಿ. ಇದೆಲ್ಲ ಒಂದು ದಿನ ಅಡಿಕೆ ಅಂಗಡಿಯಲ್ಲಿ ಕೂತರೆ ತಿಳಿಯುತ್ತದೆ. ಕೂತರೆ ಇನ್ನೊಂದೂ ತಿಳಿಯುತ್ತದೆ: ಒಣಗಿದ ಚಾಲಿ ತಿಂಗಳುಗಟ್ಟಲೆ ದಾಸ್ತಾನು ಇಡಬಹುದಾದ ಮಾಲು. ಹಾಗಾಗಿ ಕೃಷಿಕರ ಪ್ರಶ್ನೆ "ಇವತ್ತು ಎಷ್ಟು?" ಎಂಬಲ್ಲಿಗೆ ನಿಲ್ಲುವುದಿಲ್ಲ, "ಈಗ ಕೊಡುವುದೋ, ಕಾಯುವುದೋ?" ಎಂಬಲ್ಲಿಗೆ ಹೋಗುತ್ತದೆ. ಮಗಳ ಮದುವೆ, ಸೊಸೈಟಿಯ ಸಾಲದ ವಾಯಿದೆ ಆ ಉತ್ತರದಲ್ಲಿ ಸೇರಿರುತ್ತವೆ.

ಕೈಯಲ್ಲಿ ಹಿಡಿಯುವ ಉಪಕರಣಗಳಿಗೆ ಹೊತ್ತು ಮುಖ್ಯ. ಹೊಸ ಕಾರ್ಬನ್ ಫೈಬರ್ ದೋಟಿಯನ್ನು ಹತ್ತು ನಿಮಿಷ ಹಿಡಿದವರು ಹಗುರ ಅನ್ನುತ್ತಾರೆ. ಎರಡು ಗಂಟೆ ಕತ್ತು ಮೇಲೆತ್ತಿ ಗೊನೆ ತೆಗೆದವರನ್ನು ಕೇಳಬೇಕು. ಖರೀದಿಸುವವರು ತೋಟದ ಯಜಮಾನರು, ಬಳಸುವವರು ಕೆಲಸಕ್ಕೆ ಬಂದವರು. ಇಬ್ಬರ ಉತ್ತರ ಒಂದೇ ಆಗಿರಬೇಕಿಲ್ಲ. ಕಾರ್ಬನ್ ಫೈಬರ್ ವಿದ್ಯುತ್ ಹರಿಯಬಿಡುತ್ತದೆ. ತೋಟದ ಮೇಲೆ ಕರೆಂಟಿನ ತಂತಿ ಎಲ್ಲಿ ಹಾದುಹೋಗಿದೆ ಎಂಬುದನ್ನು ಅಂಗಡಿಯಲ್ಲಿ ನಿಂತು ಯಾರೂ ಹೇಳುವುದಿಲ್ಲ, ತೋಟಕ್ಕೆ ಹೋದವರಿಗೆ ತಲೆಯೆತ್ತಿದರೆ ಕಾಣುತ್ತದೆ. ಸ್ಪ್ರೇಯರಿನ ನಳಿಕೆಯನ್ನು ಬರಿ ನೀರಿನಲ್ಲಿ ಪರೀಕ್ಷಿಸಿದರೆ ಚೆನ್ನಾಗಿಯೇ ಚಿಮ್ಮುತ್ತದೆ. ಕೊಳೆರೋಗಕ್ಕೆ ಬಿಡುವ ಶೇ 1ರ ಬೋರ್ಡೋ ದ್ರಾವಣದಲ್ಲಿ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ ಇರುತ್ತದೆ. ಸುಣ್ಣ ಸರಿಯಾಗಿ ಸೋಸದಿದ್ದರೆ ನಳಿಕೆ ಕಟ್ಟುತ್ತದೆ, ಅದೂ ಮರದ ತುದಿಯಲ್ಲಿ ಒಬ್ಬರು ಕೂತಿರುವಾಗ. ಪರೀಕ್ಷೆ ಅಲ್ಲಿ ನಡೆಯಬೇಕು.

ಮಾಡುವ ಮೊದಲು ಮಾಡಿದಂತೆ ನಟಿಸುವುದು

ಕೋಡ್ ಬರೆಯುವ ಮೊದಲು ಉತ್ಪನ್ನ ಇದ್ದ ಹಾಗೆ ನಡೆಸಿ ನೋಡಬಹುದು. ತೆರೆಯ ಹಿಂದೆ ಮನುಷ್ಯರೇ ಕೂತು ಯಂತ್ರದ ಕೆಲಸ ಮಾಡುವ ಈ ಪದ್ಧತಿಯನ್ನು 1980ರ ದಶಕದಲ್ಲಿ ಜೆ. ಎಫ್. ಕೆಲ್ಲಿ ಬಳಕೆಗೆ ತಂದರು. ನಮ್ಮ ಮೀನಿನ ಆ್ಯಪ್‌ಗೆ ಒಂದು ವಾಟ್ಸ್ಆ್ಯಪ್ ಸಂಖ್ಯೆ ಸಾಕು. "ಬಾಕಿ ಇದ್ದದ್ದನ್ನು ಧ್ವನಿಯಲ್ಲಿ ಹೇಳಿ ಕಳಿಸಿ, ಸಂಜೆ ಲೆಕ್ಕ ಹೇಳ್ತೇವೆ" ಎಂದು ಎಂಟು ಮಂದಿಗೆ ಹೇಳಿ, ಈ ಕಡೆ ಒಬ್ಬರು ಕೇಳಿ ಪುಸ್ತಕದಲ್ಲಿ ಬರೆದು, ಸಂಜೆ ಮೊತ್ತವನ್ನು ಧ್ವನಿಯಲ್ಲೇ ಕಳಿಸುವುದು. ಕೇಳುವುದು ಮನುಷ್ಯರೇ ಎಂಬುದನ್ನು ಮುಚ್ಚಿಡಬೇಡಿ. ಊರವರ ಬಾಕಿಯ ಮಾತು ಇದು, ಅವರಿಗೆ ಗೊತ್ತಿದ್ದರೂ ಪರೀಕ್ಷೆ ಕೆಡುವುದಿಲ್ಲ.

ಎರಡು ವಾರ ನಡೆಸಿ. ಮೊದಲ ಎರಡು ದಿನದ ಸಂದೇಶಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ, ಅದು ಮರ್ಯಾದೆಗೆ ಕಳಿಸಿದ್ದು. ಎರಡನೆಯ ವಾರದಲ್ಲಿ ನೆನಪಿಸದೆ ಯಾರು ಕಳಿಸುತ್ತಾರೆ ಎಂಬುದೇ ಉತ್ತರ. ಸಂದೇಶದಲ್ಲಿ ಗಿರಾಕಿಯ ಹೆಸರು ಹೇಗೆ ಬರುತ್ತದೆ ಎಂದೂ ಗಮನಿಸಿ. "ಮೂಲೆಮನೆ ಅಕ್ಕ", "ಟೀಚರ್", "ಗೇಟಿನ ಹತ್ತಿರದವರು" ಎಂದು ಬಂದರೆ, ಪ್ರತಿ ಗಿರಾಕಿಗೂ ಮೊಬೈಲ್ ಸಂಖ್ಯೆ ಕಡ್ಡಾಯ ಮಾಡುವ ಆ್ಯಪ್ ಮೊದಲ ಪರದೆಯಲ್ಲೇ ಸೋಲುತ್ತದೆ.

ಪರದೆ ತಯಾರಾದ ಮೇಲಿನ ಪರೀಕ್ಷೆಯ ಬಗ್ಗೆ ಎಲ್ಲ ಕಡೆ ಬರೆದಿದ್ದಾರೆ, ಇಲ್ಲಿ ಬೇಕಾದಷ್ಟು ಮಾತ್ರ. ಕೊಡುವ ಕೆಲಸದ ಮಾತಿನಲ್ಲಿ ಗುಂಡಿಯ ಹೆಸರು ಇರಬಾರದು. "ಬಾಕಿ ಸೇರಿಸಿ ಒತ್ತಿ" ಅನ್ನುವುದಲ್ಲ, "ಟೀಚರ್ ಇನ್ನೂರು ರೂಪಾಯಿಯ ಅಂಜಲ್ ತೆಗೊಂಡು ಶನಿವಾರ ಕೊಡ್ತೇನೆ ಅಂದ್ರು, ಅದನ್ನು ಇದರಲ್ಲಿ ಹಾಕಿ" ಅನ್ನುವುದು. "ಇದು ಒತ್ತುದಾ?" ಎಂದು ಕೇಳಿದರೆ "ನಿಮಗೆ ಹೇಗೆ ಕಾಣ್ತದೆ ಅಕ್ಕ?" ಎಂದು ಹಿಂದಿರುಗಿಸಬೇಕು. ಪ್ರತಿ ಕೆಲಸಕ್ಕೂ ತಾನಾಗಿ ಮಾಡಿದರು, ತಡವರಿಸಿ ಮಾಡಿದರು, ಸಹಾಯ ಬೇಕಾಯಿತು, ಆಗಲಿಲ್ಲ ಎಂಬ ನಾಲ್ಕರಲ್ಲಿ ಒಂದನ್ನು ಬರೆಯಬೇಕು. ಅವರದೇ ಫೋನಿನಲ್ಲಿ ಮಾಡಿಸಬೇಕು. ಅಕ್ಷರ ದೊಡ್ಡ ಮಾಡಿಟ್ಟ ಫೋನಿನಲ್ಲಿ ಕನ್ನಡದ ಒತ್ತಕ್ಷರಗಳ ಬುಡ ಕತ್ತರಿಸಿಹೋಗುವುದು, ಇಂಗ್ಲಿಷಿಗೆ ಅಳತೆ ಮಾಡಿದ ಗುಂಡಿಯಿಂದ ಕನ್ನಡದ ಮಾತು ಹೊರಬೀಳುವುದು ಆಗ ಕಾಣುತ್ತದೆ. ಸಾಲಿನ ಎತ್ತರವನ್ನು ಅಕ್ಷರದ ಒಂದೂವರೆ ಪಟ್ಟಿಗಿಂತ ಕಡಿಮೆ ಇಡದಿದ್ದರೆ ಮೊದಲನೆಯದು ಬಹುಮಟ್ಟಿಗೆ ತಪ್ಪುತ್ತದೆ.

ಯೋಚಿಸಿದ್ದನ್ನು ಬಾಯಿಬಿಟ್ಟು ಹೇಳುತ್ತ ಬಳಸಿ ಎಂದರೆ ನಮ್ಮ ಹಿರಿಯರು ಒಬ್ಬರೇ ಕೂತು ಹೇಳುವುದಿಲ್ಲ, ನಾಚಿಕೆ. ನೆರೆಕರೆಯ ಇಬ್ಬರನ್ನು ಒಂದೇ ಫೋನಿನ ಮುಂದೆ ಕೂರಿಸಿದರೆ ಒಬ್ಬರಿಗೊಬ್ಬರು ಹೇಳಿಕೊಳ್ಳುವುದೆಲ್ಲ ನಮಗೆ ಬೇಕಾದದ್ದೇ.

ಕೊನೆಗೆ ಅಂಕ ಕೊಡಿಸುವ ಆಸೆ ಎಲ್ಲರಿಗೂ ಇದೆ. ಬಳಸಲು ಎಷ್ಟು ಸುಲಭ ಎಂದು ಅಳೆಯಲು ಜಾನ್ ಬ್ರೂಕ್ 1986ರಲ್ಲಿ ಮಾಡಿದ ಎಸ್‌ಯುಎಸ್ ಪಟ್ಟಿಯಲ್ಲಿ ಹತ್ತು ಹೇಳಿಕೆಗಳು, ಪ್ರತಿಯೊಂದಕ್ಕೂ ಒಂದರಿಂದ ಐದು. ಬೆಸ ಸಂಖ್ಯೆಯ ಹೇಳಿಕೆಗಳ ಅಂಕದಿಂದ ಒಂದು ಕಳೆಯಬೇಕು, ಸಮ ಸಂಖ್ಯೆಯವುಗಳ ಅಂಕವನ್ನು ಐದರಿಂದ ಕಳೆಯಬೇಕು, ಎಲ್ಲ ಕೂಡಿಸಿ 2.5ರಿಂದ ಗುಣಿಸಬೇಕು. ಸಾಮಾನ್ಯ ಸರಾಸರಿ 68ರ ಸುಮಾರು. ಇದು ಶೇಕಡಾ ಅಲ್ಲ. ತೊಡಕೇನೆಂದರೆ ಹೇಳಿಕೆಗಳು ಒಂದು ಹೊಗಳಿಕೆ, ಒಂದು ತೆಗಳಿಕೆ ಎಂದು ಅದಲುಬದಲಾಗಿ ಬರುತ್ತವೆ. ಓದಿ ಹೇಳಿದಾಗ ಕೇಳುವವರು ಎಲ್ಲದಕ್ಕೂ "ಐದು ಕೊಡಿ" ಅನ್ನುತ್ತಾರೆ. ಎಲ್ಲದಕ್ಕೂ ಐದಾದರೆ ಲೆಕ್ಕದಲ್ಲಿ ಬರುವುದು ಸರಿಯಾಗಿ 50. ಅಂಥ ಹಾಳೆಯನ್ನು ಸರಾಸರಿಗೆ ಸೇರಿಸದೆ ಪಕ್ಕಕ್ಕಿಡಬೇಕು.

ಅದೇ ದಿನ ಸಂಜೆ

ಟಿಪ್ಪಣಿಯನ್ನು ಅದೇ ಸಂಜೆ ಚೀಟಿಗಳಿಗೆ ಇಳಿಸಬೇಕು, ಒಂದು ಚೀಟಿಗೆ ಒಂದೇ ವಿಷಯ. ಕಂಡದ್ದು ಒಂದು ಬಣ್ಣ, ಅವರು ಹೇಳಿದ್ದು ಇನ್ನೊಂದು, ನಮಗೆ ಅನಿಸಿದ್ದು ಮೂರನೆಯದು. ಗೋಡೆಯ ತುಂಬ ಮೂರನೆಯ ಬಣ್ಣವೇ ಕಂಡರೆ ಕ್ಷೇತ್ರದಲ್ಲಿ ಕಣ್ಣು ತೆರೆದಿರಲಿಲ್ಲ ಎಂದರ್ಥ. ಜಪಾನಿನ ಮಾನವಶಾಸ್ತ್ರಜ್ಞ ಜಿರೊ ಕವಾಕಿಟ ರೂಢಿಗೆ ತಂದ ರೀತಿಯಲ್ಲಿ, ಮೊದಲೇ ಶೀರ್ಷಿಕೆ ಹಾಕದೆ ಹತ್ತಿರದ ಚೀಟಿಗಳನ್ನು ಒಟ್ಟಿಗೆ ಇಡುತ್ತ ಹೋಗಿ, ಗುಂಪು ಆದ ಮೇಲೆ ಹೆಸರು ಕೊಡಬೇಕು. ಕೋಡ್ ಬರೆಯುವವರು ಒಂದೆರಡು ಭೇಟಿಗಾದರೂ ಬಂದಿರಬೇಕು. ಕಣ್ಣಾರೆ ಕಂಡವರ ಜತೆ ವಾದ ಮಾಡುವ ಅಗತ್ಯ ಬೀಳುವುದಿಲ್ಲ. ವರದಿ ಎರಡು ಪುಟ ಸಾಕು, ಆ ಮೊದಲ ಹಾಳೆಯ ಪ್ರತಿ ನಿರ್ಧಾರಕ್ಕೂ ಈಗ ಏನು ಎಂದು.

"ಅಷ್ಟೆಲ್ಲ ಯಾಕೆ, ಎರಡು ರೂಪ ಬಿಡುಗಡೆ ಮಾಡಿ ಯಾವುದು ಗೆಲ್ಲುತ್ತದೆ ನೋಡುವ" ಎಂಬ ಮಾತು ದೊಡ್ಡ ಕಂಪನಿಗಳಿಂದ ಇಲ್ಲಿಗೂ ಬಂದಿದೆ. ಲೆಕ್ಕ ಹಾಕಿ ನೋಡಿ. ಶೇ 10 ಮಂದಿ ಮಾಡುತ್ತಿದ್ದ ಕೆಲಸ ಶೇ 12ಕ್ಕೆ ಏರಿತೇ ಎಂದು ಸಾಮಾನ್ಯವಾಗಿ ಒಪ್ಪುವ ಮಟ್ಟದಲ್ಲಿ ಹೇಳಬೇಕಾದರೆ ಒಂದೊಂದು ರೂಪಕ್ಕೂ 3,800ರಷ್ಟು ಮಂದಿ ಬೇಕು. 1,200 ಸದಸ್ಯರ ಸಹಕಾರಿ ಸಂಘಕ್ಕೆ ಈ ದಾರಿ ಇಲ್ಲವೇ ಇಲ್ಲ. ಅವರಿಗೆ ಇರುವ ಅನುಕೂಲ ಬೇರೆ: ಬಳಸುವವರೆಲ್ಲ ಕೌಂಟರಿಗೆ ಬರುತ್ತಾರೆ. ಕೌಂಟರಿನ ಮೇಲೆ ಒಂದು ಹಾಳೆ ಇಟ್ಟು, ಆ್ಯಪ್ ಬಗ್ಗೆ ಯಾರು ಏನು ಕೇಳಿದರೂ ಅದೇ ಮಾತಿನಲ್ಲಿ ಬರೆದು ಗೆರೆ ಎಳೆಯಲು ಗುಮಾಸ್ತರಿಗೆ ಹೇಳಿ. ತಿಂಗಳ ಕೊನೆಗೆ ಹೆಚ್ಚು ಗೆರೆ ಬಿದ್ದ ಮೂರು ಪ್ರಶ್ನೆಗಳನ್ನು ಹಿಡಿದು, ಅವನ್ನು ಕೇಳಿದ ಐವರ ಮನೆಗೆ ಹೋಗಿ. ಹೋಗುವಾಗ ಆ್ಯಪ್ ಮಾಡಿದವರು ನಾವೇ ಎಂದು ಹೇಳಬೇಡಿ. ಹೇಳಿದರೆ ಮತ್ತೆ ಲಾಯ್ಕುಂಟು.